ನಿಮ್ಮ ಕಾಲೊಳಗಿರುವುದು ಯಾವ ಕಂಪನಿಯದು, ಕೇಳಿದ್ದೀರಾ?

ಪ್ರಧಾನಿ ವಾಜಪೇಯಿಯವರ ಎಡ ಮೊಣಕಾಲಿನ ಆಪರೇಷನ್ ಆದದ್ದು 2000ದ ಅಕ್ಟೋಬರ್‌ನಲ್ಲಿ, ಬಲ ಮೊಣಕಾಲಿನದು 2001ರ ಜೂನ್‌ನಲ್ಲಿ. ಎರಡೂ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಮಾಡಿದವರು ಅಮೆರಿಕದಲ್ಲಿದ್ದ ಡಾ. ಚಿತ್ತರಂಜನ್ ರಾಣಾವತ್. ನಾನಾಗ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಓಟಿಯಲ್ಲಿ ಸಿಸ್ಟರ್. ಅಲ್ಲಿಯವರೆಗೆ ಕೀಲು ಬದಲಿ ಎಂದರೆ ಹೌಹಾರುತ್ತಿದ್ದ ಮಂದಿ, ಪೇಪರಿನಲ್ಲಿ ಪ್ರಧಾನಿ ಎದ್ದು ನಡೆದ ಸುದ್ದಿ ಓದಿದ ಮೇಲೆ “ವಾಜಪೇಯಿಯವರಿಗೆ ಹಾಕ್ಯಾರಲ್ರಿ, ಅದನ್ನ ನಮಗೂ ಹಾಕ್ರಿ” ಎಂದು ಕೇಳತೊಡಗಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಡಾಕ್ಟರು ಹೇಳಿದರೆ ಕೇಳುತ್ತಿದ್ದರು, ಹೇಳದಿದ್ದರೆ ಬಿಡುತ್ತಿದ್ದರು.

ಈಗ ಹಾಗಿಲ್ಲ. ಹುಬ್ಬಳ್ಳಿ-ಧಾರವಾಡದ ರಸ್ತೆಯುದ್ದಕ್ಕೂ ಮೊಣಕಾಲಿನ ಹೋರ್ಡಿಂಗುಗಳು. ಭಾನುವಾರ ಬಂತೆಂದರೆ ಯಾವುದಾದರೊಂದು ಕಲ್ಯಾಣ ಮಂಟಪದಲ್ಲಿ ಉಚಿತ ಕೀಲು ತಪಾಸಣೆ. ಮೊಬೈಲ್ ತೆರೆದರೆ ವಿಡಿಯೊಗಳ ಸಾಲು. ನಿವೃತ್ತಿಯಾದ ಮೇಲೂ ನನ್ನ ಫೋನು ಸುಮ್ಮನಿರುವುದಿಲ್ಲ. “ಸಿಸ್ಟರ್, ರೋಬೋಟ್ ಛಲೋನೋ, ಡಾಕ್ಟರ್ ಕೈಲೆ ಮಾಡೋದು ಛಲೋನೋ?” “ಬಂಗಾರದ ಮೊಣಕಾಲ ಅಂತಾರಲ್ರಿ, ಹಾಕಸ್ಬೇಕೇನ್ರಿ?” ಇಂಥ ಪ್ರಶ್ನೆ ಕೇಳುವವರನ್ನು ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ನಿಮ್ಮ ಎಕ್ಸ್‌ರೇ ನಿಲ್ಲಿಸಿ ತೆಗೆದರೋ, ಮಲಗಿಸಿ ತೆಗೆದರೋ? ರೋಬೋಟಿನ ಬಗ್ಗೆ ಅಷ್ಟೆಲ್ಲ ತಿಳಿದವರಿಗೂ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ.

ಮಲಗಿದಾಗ ಮೊಣಕಾಲಿನ ಮೇಲೆ ಮೈಭಾರ ಬೀಳುವುದಿಲ್ಲ. ಎರಡು ಎಲುಬಿನ ನಡುವಿನ ಸಂದು ಇದ್ದಂತೆಯೇ ಕಾಣುತ್ತದೆ. ನಿಂತಾಗ ಮಾತ್ರ ಮೃದ್ವಸ್ಥಿ ಎಷ್ಟು ಸವೆದಿದೆ, ಎಲುಬಿಗೆ ಎಲುಬು ತಾಗುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಆಪರೇಷನ್ ಬೇಕೋ ಬೇಡವೋ ಎಂಬ ಮಾತು ಆ ಚಿತ್ರದಿಂದ ಮತ್ತು ನಿಮ್ಮ ನೋವಿನಿಂದ ಹೊರಡಬೇಕು. ಎರಡೂ ಬೇಕು. ಚಿತ್ರದಲ್ಲಿ ಸವೆತ ಎದ್ದು ಕಂಡರೂ ಆರಾಮಾಗಿ ಸಂತೆಗೆ ಹೋಗಿ ಬರುವವರಿದ್ದಾರೆ. ಅವರಿಗೆ ಕತ್ತಿ ಬೇಕಿಲ್ಲ. ತೂಕ ಇಳಿಸಿ, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಕೆಲವು ತಿಂಗಳು ಬಿಡದೆ ಮಾಡಿ, ಆಮೇಲೂ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಆ ಮಾತು ಬೇರೆ.

ಇನ್ನೊಂದು ವಿಷಯವನ್ನು ಹೋರ್ಡಿಂಗ್ ಎಂದೂ ಹೇಳುವುದಿಲ್ಲ. ಸವೆದ ಮೊಣಕಾಲಿನ ಬದಲಿ ತುರ್ತು ಆಪರೇಷನ್ ಅಲ್ಲ. ಮುದುಕರು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಎಲುಬು ಮುರಿದರೆ ತಡ ಮಾಡಬಾರದು. ಮಲಗಿಸಿದಷ್ಟೂ ನ್ಯುಮೋನಿಯ, ಬೆನ್ನಿನ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಸವೆತಕ್ಕೆ ಆ ಅವಸರವಿಲ್ಲ. ಈ ತಿಂಗಳ ಕೊನೆಯವರೆಗೆ ಮಾತ್ರ ರಿಯಾಯಿತಿ ಎಂದು ಯಾರಾದರೂ ಹೇಳಿದರೆ, ಅದು ನಿಮ್ಮ ಮೊಣಕಾಲಿನ ವಿಷಯವಲ್ಲ, ಅವರ ಲೆಕ್ಕದ ಪುಸ್ತಕದ ವಿಷಯ. ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಲು ಧಾರಾಳ ಸಮಯವಿದೆ. ಹಾಗೆ ಕೇಳಿದರೆ ಮೊದಲಿನ ಡಾಕ್ಟರು ಮುನಿಸಿಕೊಳ್ಳುತ್ತಾರೆಂಬ ಅಂಜಿಕೆ ನಮ್ಮವರಲ್ಲಿ ಬಹಳ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ವಿಡಿಯೊಗಳ ಬಗ್ಗೆಯೂ ಹೇಳಬೇಕು. ಆಪರೇಷನ್ ಆದ ಮೂರನೇ ದಿನ ಅಜ್ಜಿಯೊಬ್ಬರು ಮೆಟ್ಟಿಲು ಹತ್ತುತ್ತಾರೆ, ಕೈ ಮುಗಿಯುತ್ತಾರೆ, ಹಿಂದೆ ಡಾಕ್ಟರು ನಗುತ್ತ ನಿಂತಿರುತ್ತಾರೆ. ಅದು ಸುಳ್ಳಲ್ಲ. ಹತ್ತಿಸುವುದು ನಿಜ, ನಾವೇ ವಾಕರ್ ಕೊಟ್ಟು ಅದೇ ದಿನವೋ ಮರುದಿನವೋ ನಿಲ್ಲಿಸುತ್ತಿದ್ದೆವು. ಆದರೆ ಆಗಿನ್ನೂ ಮೈಯಲ್ಲಿ ನೋವಿನ ಔಷಧ ಜೋರಾಗಿರುತ್ತದೆ. ಕಷ್ಟ ಶುರುವಾಗುವುದು ಮನೆಗೆ ಹೋದ ಮೇಲೆ: ರಾತ್ರಿ ಎರಡು ಗಂಟೆಗೆ ಕಾಲು ಎಲ್ಲಿಡಬೇಕೆಂದು ತಿಳಿಯದ ದಿನಗಳು, ಫಿಸಿಯೋ ಬಂದರೆಂದರೆ ಹೊಟ್ಟೆಯಲ್ಲಿ ತಳಮಳ. ಮೊದಲ ಆರು ವಾರದಲ್ಲಿ ಮಡಚದ ಮೊಣಕಾಲು ಆಮೇಲೆ ಮಡಚುವುದು ಬಹಳ ಕಷ್ಟ. ಆ ಆರು ವಾರದ ವಿಡಿಯೊವನ್ನು ಯಾವ ಆಸ್ಪತ್ರೆಯೂ ಹಾಕಿದ್ದನ್ನು ನಾನು ನೋಡಿಲ್ಲ. ಆದ್ದರಿಂದ ಆಪರೇಷನ್ ಆಗಿ ಮೂರು ದಿನವಾದವರನ್ನಲ್ಲ, ಒಂದು ವರ್ಷ ದಾಟಿದವರನ್ನು ಹುಡುಕಿ ಮಾತಾಡಿಸಿ. ಸಾಧ್ಯವಾದರೆ ಇಬ್ಬರನ್ನು: ಸುಖವಾಗಿರುವ ಒಬ್ಬರು, ಅಷ್ಟು ಸುಖವಿಲ್ಲದ ಒಬ್ಬರು. ಎರಡನೆಯವರು ಸಿಗುವುದು ಕಷ್ಟವೇನಲ್ಲ. ಮೊಣಕಾಲು ಬದಲಿಯಾದ ಐವರಲ್ಲಿ ಸುಮಾರು ಒಬ್ಬರಿಗೆ ನೋವು ಪೂರ್ತಿ ಹೋಗುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಸೊಂಟದ ಕೀಲಿನಲ್ಲಿ ಫಲಿತಾಂಶ ಇದಕ್ಕಿಂತ ಮೇಲು.

ಸಣ್ಣ ಸಣ್ಣ ಸಂಗತಿಗಳನ್ನಂತೂ ಯಾರೂ ಹೇಳುವುದೇ ಇಲ್ಲ. ಗಾಯದ ಹೊರಮಗ್ಗುಲಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಉಳಿಯುತ್ತದೆ. ಅಲ್ಲಿ ಹಾದುಹೋಗುವ ಸಣ್ಣ ನರ ಕೊಯ್ಯುವಾಗ ಕತ್ತರಿಸಿಹೋಗುವುದರಿಂದ ಹೀಗೆ. ನಡೆಯುವಾಗ ಒಳಗೆ ಟಕ್ ಟಕ್ ಎನ್ನುವುದುಂಟು, ಲೋಹಕ್ಕೆ ಪ್ಲಾಸ್ಟಿಕ್ ತಾಗುವ ಸದ್ದು. ಮೊಣಕಾಲು ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ. ಇವು ಗೊತ್ತಿಲ್ಲದ ರೋಗಿ “ಆಪರೇಷನ್ ಕೆಟ್ಟೈತಿ” ಎಂದು ಮೂರು ಆಸ್ಪತ್ರೆ ಸುತ್ತುತ್ತಾರೆ. ಮೊದಲೇ ತಿಳಿದವರು ಚಹಾ ಕುಡಿಯುತ್ತ ಆರಾಮಾಗಿ ಕೂತಿರುತ್ತಾರೆ. ಅದೇ ಹೊತ್ತಿಗೆ, ಗಾಯದಿಂದ ಕೀವು ಅಥವಾ ನೀರು ಸೋರಿದರೆ, ಮೀನಖಂಡ ಬಿಗಿದು ಊದಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬಾರದು ಎಂಬುದನ್ನೂ ಅವರಿಗೆ ಬಾಯಿಬಿಟ್ಟು ಹೇಳಿರಬೇಕು.

ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬರು ಆಪರೇಷನ್ನಿಗೆ ಮುಂಚೆ ನನ್ನ ಕೈ ಹಿಡಿದು ಕೇಳಿದ್ದರು: “ಸಿಸ್ಟರ್, ಕೆಳಗ ಕುಂತು ರೊಟ್ಟಿ ಬಡ್ಯಾಕ ಬರ್ತೈತೇನ್ರಿ?” ಅವರ ಮಗ ಇಂಗ್ಲಿಷಿನ ಒಂದು ಪುಸ್ತಿಕೆಯನ್ನು ಪೂರ್ತಿ ಓದಿಕೊಂಡು ಬಂದಿದ್ದ. ಗಾಲ್ಫ್ ಯಾವಾಗ ಆಡಬಹುದು ಎಂಬುದು ಅದರಲ್ಲಿತ್ತು, ರೊಟ್ಟಿಯ ವಿಷಯ ಇರಲಿಲ್ಲ. ಬದಲಿಯಾದ ಮೊಣಕಾಲು ಸಾಮಾನ್ಯವಾಗಿ 110-120 ಡಿಗ್ರಿ ಮಡಚುತ್ತದೆ. ಕುರ್ಚಿಗೆ, ಮೆಟ್ಟಿಲಿಗೆ, ಬಸ್ಸಿನ ಸೀಟಿಗೆ ಅದು ಸಾಕು. ಚಕ್ಕಳಬಕ್ಕಳ ಹಾಕಿ ಕೂರಲು, ಕುಕ್ಕರುಗಾಲಲ್ಲಿ ಕೂರಲು ಇನ್ನೂ ಹೆಚ್ಚು ಬೇಕು. ಮೊದಲು ಚೆನ್ನಾಗಿ ಮಡಚುತ್ತಿದ್ದವರಲ್ಲಿ ಕೆಲವರಿಗೆ ಆಗುತ್ತದೆ, ಹಲವರಿಗೆ ಆಗುವುದಿಲ್ಲ. ಆದವರಿಗೂ ನೆಲದಿಂದ ಏಳುವುದೇ ದೊಡ್ಡ ಕೆಲಸ. ಸೊಂಟದ ಕೀಲು ಬದಲಾಯಿಸಿಕೊಂಡವರಿಗಂತೂ ಮೊದಲ ಕೆಲವು ವಾರ ಗಿಡ್ಡ ಮಣೆ ಶತ್ರುವೇ ಸರಿ. ತೊಡೆ ಹೆಚ್ಚು ಮಡಚಿದರೆ ಗುಂಡು ಬಟ್ಟಲಿನಿಂದ ಜಾರಬಹುದು. ಆ ಹೆಣ್ಣುಮಗಳಿಗೆ ಅಂದು ನಾನು ಹೇಳಿದ್ದು, ಒಲೆಯನ್ನು ಕಟ್ಟೆಗೆ ಏರಿಸಿ, ಸಂಡಾಸಿಗೆ ಕಮೋಡ್ ಕೂರಿಸಿ, ಆಮೇಲೆ ಆಸ್ಪತ್ರೆಗೆ ಬನ್ನಿ ಎಂದು.

ಎಷ್ಟು ವರ್ಷ ಬಾಳುತ್ತದೆ ಎನ್ನುವುದಕ್ಕೆ ಒಳ್ಳೆಯ ಅಂಕಿ ಇದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ಣ ಮೊಣಕಾಲು ಬದಲಿಗಳಲ್ಲಿ ಸುಮಾರು 82%, ಸೊಂಟದ ಕೀಲು ಬದಲಿಗಳಲ್ಲಿ ಸುಮಾರು 58% ಇಪ್ಪತ್ತೈದು ವರ್ಷ ಉಳಿದಿದ್ದವು. ನಮ್ಮ ಆಸ್ಪತ್ರೆಗಳೂ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತವೆ. ಆದರೆ ಆ 25 ವರ್ಷದ ಲೆಕ್ಕ ಆಸ್ಟ್ರೇಲಿಯ ಮತ್ತು ಫಿನ್ಲೆಂಡಿನ ರೋಗಿಗಳದ್ದು. ಫಿನ್ಲೆಂಡಿನ ಅಜ್ಜಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದಿಲ್ಲ, ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ಕೀಳುವುದಿಲ್ಲ. ನವಲಗುಂದದ ಅಜ್ಜಿಯ ಮೊಣಕಾಲು ಎಷ್ಟು ವರ್ಷ ಬಾಳಿತು ಎಂದು ಬರೆದಿಟ್ಟವರಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಬಂಗಾರದ ಮೊಣಕಾಲಿನಲ್ಲಿ ಬಂಗಾರ ಇರುವುದಿಲ್ಲ. ಟೈಟಾನಿಯಂ ಸಂಯುಕ್ತದ ಲೇಪನ ಹಳದಿಯಾಗಿ ಹೊಳೆಯುತ್ತದೆ, ಅಷ್ಟೇ. ನಿಕಲ್ ಲೋಹದ ಅಲರ್ಜಿ ಇರುವವರಿಗೆ ಅದನ್ನು ಸೂಚಿಸುವುದುಂಟು. ಉಳಿದವರಿಗೆ ಅದು ಮಾಮೂಲಿ ಕೋಬಾಲ್ಟ್ ಕ್ರೋಮಿಯಂಗಿಂತ ಹೆಚ್ಚು ಬಾಳುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೂವತ್ತು ವರ್ಷ ಬಾಳುತ್ತದೆ ಎಂಬ ಜಾಹೀರಾತು ಕಂಡರೆ, ಅದು ಮನುಷ್ಯರಲ್ಲಿ ಕಂಡದ್ದೋ, ಲ್ಯಾಬಿನ ಯಂತ್ರದಲ್ಲಿ ತಿರುಗಿಸಿ ಎಣಿಸಿದ್ದೋ ಎಂದು ಕೇಳಿ. ರೋಬೋಟ್ ಎಲುಬು ಕತ್ತರಿಸುವ ಕೋನವನ್ನು ಹೆಚ್ಚು ನಿಖರವಾಗಿ ಹಿಡಿಯುತ್ತದೆ, ಅದು ನಿಜ. ಆ ನಿಖರತೆಯಿಂದ ರೋಗಿಯ ನೋವೂ ನಡಿಗೆಯೂ ಗಣನೀಯವಾಗಿ ಮೇಲಾದವು ಎಂದು ಹೇಳುವಷ್ಟು ಸಾಕ್ಷ್ಯ ಇನ್ನೂ ಕೂಡಿಬಂದಿಲ್ಲ. ನನ್ನನ್ನು ಕೇಳಿದರೆ, ಯಂತ್ರ ಯಾವುದು ಎನ್ನುವುದಕ್ಕಿಂತ ಆ ಡಾಕ್ಟರು ವರ್ಷಕ್ಕೆ ಎಷ್ಟು ಕೀಲು ಬದಲಿ ಮಾಡುತ್ತಾರೆ, ಅವರ ಓಟಿಯಲ್ಲಿ ಸೋಂಕು ಎಷ್ಟು ಎಂಬುದು ದೊಡ್ಡ ಪ್ರಶ್ನೆ.

ಬೆಲೆಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಸ್ಪಷ್ಟ ಮಾಹಿತಿ ಇದೆ, ಓದುವವರು ಕಡಿಮೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮೊಣಕಾಲು ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಅದುವರೆಗೆ ಸರಾಸರಿ ₹1,58,000ಕ್ಕೂ ಮೇಲಿದ್ದ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ ₹54,720ಕ್ಕೆ ಇಳಿಯಿತು. ಟೈಟಾನಿಯಂನಂಥ ವಿಶೇಷ ಲೋಹದ್ದು ₹76,600, ಮೇಲೆ ಜಿಎಸ್‌ಟಿ. ಮಿತಿಯನ್ನು ಆಮೇಲೆ ಹಲವು ಸಲ ಮುಂದುವರಿಸಿದ್ದಾರೆ. ಸೊಂಟದ ಕೀಲು ಆ ಆದೇಶದಲ್ಲಿರಲಿಲ್ಲ. ನಾನು ಕಂಡ ಬಿಲ್ಲುಗಳಲ್ಲಿ ಇಂಪ್ಲಾಂಟಿನ ದರ ಇಳಿದರೂ ಪ್ಯಾಕೇಜಿನ ಮೊತ್ತ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ. ಅದು ಹೇಗೆ ಎಂಬುದನ್ನು ಓದುಗರೇ ಊಹಿಸಬಲ್ಲರು. ಆದರೆ ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು, ನನಗೆ ಬೆಲೆಗಿಂತ ಅದೇ ಮುಖ್ಯ. ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆಯನ್ನು ಪ್ರತ್ಯೇಕವಾಗಿ, ಬ್ರ್ಯಾಂಡ್, ತಯಾರಕರು ಅಥವಾ ಆಮದುದಾರರು, ಬ್ಯಾಚ್ ನಂಬರ್ ಸಮೇತ ಬರೆಯಬೇಕು ಎಂಬುದು.

ಯಾಕೆ ಮುಖ್ಯ ಎಂದು ತಿಳಿಯಲು ಓಟಿಯೊಳಗೆ ಬರಬೇಕು. ಆಪರೇಷನ್ ದಿನ ಬೆಳಿಗ್ಗೆಯೇ ಕಂಪನಿಯ ಹುಡುಗ ಉಪಕರಣದ ಸ್ಟೀಲ್ ಟ್ರೇಗಳನ್ನೂ ಎಲ್ಲ ಸೈಜಿನ ಡಬ್ಬಿಗಳನ್ನೂ ಹೊತ್ತು ತರುತ್ತಾನೆ. ಎಲುಬಿನ ತುದಿಯಿಂದ 8-10 ಮಿಲಿಮೀಟರ್ ಕತ್ತರಿಸಿ, ಅಳತೆಯ ತುಂಡು ಇಟ್ಟು ನೋಡಿ, ಡಾಕ್ಟರು ಸೈಜ್ ಕೂಗುತ್ತಾರೆ. ನಾವು ಡಬ್ಬಿಯನ್ನು ಎತ್ತಿ ಗಟ್ಟಿಯಾಗಿ ಓದುತ್ತೇವೆ: ಎಡಗಾಲು, ಸೈಜ್ ಇಷ್ಟು, ಎಕ್ಸ್‌ಪೈರಿ ಇಂಥ ತಿಂಗಳು. ಡಾಕ್ಟರು ಹೂಂ ಅಂದ ಮೇಲೆಯೇ ಸೀಲ್ ಒಡೆಯುವುದು. ಅಷ್ಟರಲ್ಲಿ ಬೋನ್ ಸಿಮೆಂಟ್ ಕಲಸುವ ಘಾಟು ಮೂಗಿಗೆ ಬಡಿದಿರುತ್ತದೆ. ಅದು ಗಟ್ಟಿಯಾಗುವ ಕೆಲವು ನಿಮಿಷ ಯಾರೂ ಮಾತಾಡುವುದಿಲ್ಲ. ಪ್ರತಿ ಡಬ್ಬಿಯಲ್ಲೂ ಬೆರಳುದ್ದದ ಸ್ಟಿಕ್ಕರುಗಳ ಪಟ್ಟಿ ಇರುತ್ತದೆ. ಕಂಪನಿಯ ಹೆಸರು, ಮಾಡೆಲ್, ರೆಫ್ ಎಂದು ಒಂದು ನಂಬರು, ಲಾಟ್ ಎಂದು ಇನ್ನೊಂದು. ತೊಡೆಮೂಳೆಯ ಭಾಗಕ್ಕೆ ಒಂದು, ಕೆಳಗಿನ ತಟ್ಟೆಗೆ ಒಂದು, ನಡುವಿನ ಪ್ಲಾಸ್ಟಿಕ್‌ಗೆ ಒಂದು. ಕಿತ್ತು ಕೇಸ್ ಶೀಟಿಗೆ ಅಂಟಿಸುತ್ತೇವೆ, ಓಟಿ ರಿಜಿಸ್ಟರಿಗೆ ಅಂಟಿಸುತ್ತೇವೆ, ಬಿಲ್ಲಿಂಗಿಗೆ ಒಂದು ಹೋಗುತ್ತದೆ, ಉಳಿದದ್ದು ಕಂಪನಿ ಹುಡುಗನ ಚೀಟಿಗೆ.

ರೋಗಿಗೆ? ಕೆಲವು ಆಸ್ಪತ್ರೆಗಳು ಈಚೆಗೆ ಕಾರ್ಡ್ ಕೊಡುತ್ತವೆ. ಬಹುಪಾಲು ಕಡೆ ಡಿಸ್ಚಾರ್ಜ್ ಸಮರಿಯಲ್ಲಿ ‘ಪೂರ್ಣ ಮೊಣಕಾಲು ಬದಲಿ ಮಾಡಲಾಗಿದೆ’ ಎಂಬ ಒಂದು ಸಾಲು. ಮಿಕ್ಸರ್ ಕೊಂಡರೆ ಸೀರಿಯಲ್ ನಂಬರಿನ ಕಾರ್ಡ್ ಸಿಗುತ್ತದೆ; ಸಾಯುವವರೆಗೆ ಮೈಯೊಳಗೆ ಇರಬೇಕಾದ ವಸ್ತುವಿನ ನಂಬರು ಅದರ ಒಡೆಯನಿಗೇ ಗೊತ್ತಿಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ದೇಶ ಒಮ್ಮೆ ಕಂಡಿದೆ. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ. ಒಂದಕ್ಕೊಂದು ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿತು, ಸುತ್ತಲಿನ ಮಾಂಸ ಹಾಳಾಯಿತು. ಅದು ಕೆಡುತ್ತಿದೆ ಎಂದು ಹೊರಗೆಡಹಿದ್ದು ಆಸ್ಟ್ರೇಲಿಯ ಮತ್ತು ಇಂಗ್ಲೆಂಡಿನ ಕೀಲು ನೋಂದಣಿ ಪುಸ್ತಕಗಳು: ಐದು ವರ್ಷದೊಳಗೆ ಎಂಟರಲ್ಲಿ ಸುಮಾರು ಒಬ್ಬರಿಗೆ ಮರು ಆಪರೇಷನ್. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಯಿತು. ಭಾರತದಲ್ಲಿ ಆ ಹೊತ್ತಿಗೆ ಸುಮಾರು 4,700 ಆಪರೇಷನ್‌ಗಳಾಗಿದ್ದವು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಡಾ. ಅರುಣ್ ಕುಮಾರ್ ಅಗರ್ವಾಲ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಸಮಿತಿ ಹುಡುಕಿದಾಗ 3,600ಕ್ಕೂ ಹೆಚ್ಚು ಮಂದಿಯ ಪತ್ತೆಯೇ ಇರಲಿಲ್ಲ. 2018ರಲ್ಲಿ ₹30 ಲಕ್ಷದಿಂದ ₹1.23 ಕೋಟಿಯವರೆಗೆ ಪರಿಹಾರದ ಸೂತ್ರ ಸಿದ್ಧವಾಯಿತು. ಆದರೆ ತನ್ನೊಳಗಿರುವುದು ಎಎಸ್‌ಆರ್ ಎಂದೇ ಅರಿಯದವರು ಏನೆಂದು ಅರ್ಜಿ ಹಾಕಬೇಕು? ಸೊಂಟ ನೋವೆಂದು ಎಣ್ಣೆ ತಿಕ್ಕಿಕೊಂಡು ಕೂತವರು ಅವರಲ್ಲಿ ಎಷ್ಟು ಮಂದಿಯೋ.

ಸ್ವೀಡನ್ ಮೊಣಕಾಲಿನ ನೋಂದಣಿಯನ್ನು 1975ರಲ್ಲೇ, ಸೊಂಟದ ಕೀಲಿನದನ್ನು 1979ರಲ್ಲಿ ಶುರು ಮಾಡಿತು. ಇಂಗ್ಲೆಂಡಿನಲ್ಲಿ ಈಗ ಯಾವ ಆಸ್ಪತ್ರೆ, ಯಾವ ಸರ್ಜನ್ ಎಷ್ಟು ಕೀಲು ಬದಲಿಸಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಕೀಲು ತಜ್ಞರ ಸಂಘದ ನೋಂದಣಿ ಇದೆ, ಆದರೆ ಮಾಹಿತಿ ಕೊಡುವುದು ಬಿಡುವುದು ಡಾಕ್ಟರರ ಇಷ್ಟ. ಚೆನ್ನಾಗಿ ಬರೆದಿಡುವವರು ಕಳಿಸುತ್ತಾರೆ. ಯಾರ ಲೆಕ್ಕ ಬೇಕಿತ್ತೋ ಅವರು ಕಳಿಸುವುದಿಲ್ಲ. ವೈದ್ಯಕೀಯ ಸಾಧನಗಳ ದೋಷ ವರದಿ ಮಾಡುವ ರಾಷ್ಟ್ರೀಯ ವ್ಯವಸ್ಥೆಯೂ 2015ರಿಂದ ಇದೆ. ಅಲ್ಲಿ ದೂರಲು ಮೊದಲು ಲಾಟ್ ನಂಬರು ಗೊತ್ತಿರಬೇಕಲ್ಲ.

ದೆಹಲಿ ಮಾಡಲಿ ಎಂದು ಕರ್ನಾಟಕ ಕಾಯಬೇಕಾಗಿಲ್ಲ. ಖಾಸಗಿ ಆಸ್ಪತ್ರೆಗಳನ್ನು ನೋಂದಾಯಿಸುವ ಕೆಪಿಎಂಇ ಕಾಯ್ದೆ 2007ರಿಂದ ಇದೆ, 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಪತ್ರವೂ ಸೇರಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಹಣ ಸರ್ಕಾರದ್ದೇ. ಕೀಲು ಬದಲಿಸುವ ಪ್ರತಿ ಆಸ್ಪತ್ರೆ ಇಂಪ್ಲಾಂಟಿನ ನಂಬರನ್ನು ರಾಜ್ಯದ ನೋಂದಣಿಗೆ ಸೇರಿಸಬೇಕು, ರೋಗಿಗೆ ಕನ್ನಡದಲ್ಲಿ ಕಾರ್ಡ್ ಕೊಡಬೇಕು, ಇಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ ಎಂದರೆ ಸಾಕು. ಹತ್ತು ವರ್ಷದಲ್ಲಿ ನವಲಗುಂದದ ಅಜ್ಜಿಯ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಅದರ ಜೊತೆಗೆ, ಆರೋಗ್ಯ ಇಲಾಖೆಯ ಹೆಸರಿನಲ್ಲಿ ಒಂದು ಕನ್ನಡ ಪುಸ್ತಿಕೆ. ರೊಟ್ಟಿ, ಹೊಲ, ನಮಾಜು, ಪೂಜೆ, ಬಸ್ಸು, ಕಮೋಡ್ ಎಲ್ಲ ಅದರಲ್ಲಿರಲಿ.

ಒಪ್ಪಿಗೆ ಪತ್ರದ ಕಥೆಯೂ ಇದರೊಳಗೇ ಬರುತ್ತದೆ. ರೋಗಿಗೆ ಅಪಾಯ, ಪರ್ಯಾಯ ಎಲ್ಲ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ವಾರ್ಡಿನಲ್ಲಿ ನಡೆಯುವುದು ಬೇರೆ. ಹಿಂದಿನ ರಾತ್ರಿ, ಎನಿಮಾ ಕೊಡುವ ಗಡಿಬಿಡಿಯಲ್ಲಿ, ಇಂಗ್ಲಿಷಿನ ಹಾಳೆಗಳ ಕಟ್ಟು ಬರುತ್ತದೆ. ಸಹಿ ಮಾಡುವವನು ಮಗ, ಓದುವವರು ಯಾರೂ ಇಲ್ಲ. ಆ ಹಾಳೆಯನ್ನು ಒಂದು ವಾರ ಮೊದಲೇ ಕೇಳಿ ಮನೆಗೆ ಒಯ್ಯಿರಿ. ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದಲ್ಲಿ ವಿವರಿಸಿ ಎಂದು ಕೂತುಬಿಡಿ. ಎರಡೂ ಕಾಲು ಒಂದೇ ಸಲ ಮಾಡುವುದಾದರೆ ನಿಮ್ಮ ಹೃದಯ ಅದನ್ನು ತಡೆಯುತ್ತದೆಯೇ ಎಂದು ಯಾರು ನೋಡಿದರು, ಸಕ್ಕರೆ ಹತೋಟಿಗೆ ಬಂದಿದೆಯೇ, ಹುಳುಕು ಹಲ್ಲು, ಒಡೆದ ಹಿಮ್ಮಡಿ ಸರಿಪಡಿಸಿದ್ದಾರೆಯೇ ಎಂದು ಅಲ್ಲೇ ಕೇಳಿ. ಸೋಂಕು ಬರುವ ದಾರಿ ಅವೇ.

ಈಗಾಗಲೇ ಕೀಲು ಬದಲಾಯಿಸಿಕೊಂಡವರಿಗೆ ಒಂದು ಮಾತು. ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ, ಓಟಿ ನೋಟ್ಸ್ ಮತ್ತು ಇಂಪ್ಲಾಂಟ್ ಸ್ಟಿಕ್ಕರಿನ ಹಾಳೆಯ ಪ್ರತಿ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯರ ನೀತಿ ಸಂಹಿತೆಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಅದೇ ನಿಯಮ ದಾಖಲೆ ಇಟ್ಟುಕೊಳ್ಳಲು ಹೇಳಿರುವುದು ಮೂರು ವರ್ಷ ಮಾತ್ರ. ನಿಮ್ಮ ಆಪರೇಷನ್ ಆಗಿ ಎರಡು ವರ್ಷ ದಾಟಿದ್ದರೆ ಈ ವಾರವೇ ಹೋಗಿ.